ಹೊರಟ ಫೆರಿಯಲ್ಲಿ ಕಂಡಕ್ಟರ್ ಸಾಹೇಬರು

ನಾನು ಕಳೆದುಹೋಗಲಿಲ್ಲ, ನಿಂತುಕೊಂಡೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ನಮ್ಮ ಮನೆಯವರು ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಕೂತು, ಚಹಾ ಕುಡಿಯಲು ಬಂದವರಿಗೆಲ್ಲ "ಮಲೇಷಿಯಾದಾಗ ನಮ್ಮಾಕಿ ಕಳದುಹೋಗಿದ್ಲು" ಎಂದು ಹೇಳುತ್ತಿದ್ದಾರೆ. ಹೇಳಲಿ. ಫೆರಿ ಹತ್ತಿ ಸಮುದ್ರದ ನಡುವೆ ಹೋದವರು ಯಾರು, ದಡದಲ್ಲಿ ಗಟ್ಟಿಯಾಗಿ ನಿಂತವರು ಯಾರು ಎಂಬುದರ ಬಗ್ಗೆ ಮಾತ್ರ ಅವರು ಬಾಯಿ ಬಿಡುವುದಿಲ್ಲ.

ಅವರು ಮೂವತ್ತೆರಡು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಸುರಪುರ, ಶಹಾಪುರ, ಯಾದಗಿರಿ, ಮತ್ತೆ ಯಾದಗಿರಿ, ಶಹಾಪುರ, ಸುರಪುರ. ನಾನು ದೋರನಹಳ್ಳಿಯ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳಿದವಳು. ನಾನು ನಿವೃತ್ತಳಾದ ದಿನ ಅವರು, "ಏನು ಬೇಕು ಕೇಳು" ಅಂದರು. ಬಂಗಾರ ಕೇಳುತ್ತೇನೆ ಅಂತ ತಿಳಿದಿದ್ದರೋ ಏನೋ. ನಾನು ಸಮುದ್ರ ನೋಡಬೇಕು ಅಂದೆ. ರೈಲಿನಲ್ಲಿ ಹೋಗಬೇಕು, ಆಮೇಲೆ ದೊಡ್ಡ ದೋಣಿಯಲ್ಲಿ ಕೂಡಬೇಕು, ಅದೂ ಪರದೇಶದಲ್ಲಿ. ಮಕ್ಕಳಿಗೆ ಭೂಗೋಳ ಹೇಳಿಕೊಡುವಾಗ ಗೋಡೆಯ ನಕಾಶೆಯಲ್ಲಿ ಕೋಲಿಟ್ಟು ತೋರಿಸುತ್ತಿದ್ದ ನೀಲಿಯನ್ನು ಒಮ್ಮೆಯಾದರೂ ಕಣ್ಣಿನಿಂದ ನೋಡಬೇಕಾಗಿತ್ತು. ಕಲಬುರಗಿಯ ಏಜೆಂಟನೊಬ್ಬ ಎಲ್ಲ ಕಾಗದಪತ್ರ ಮಾಡಿಕೊಟ್ಟ. ಕೌಲಾಲಂಪುರದಿಂದ ರೈಲಿನಲ್ಲಿ ಬಟರ್‌ವರ್ತ್, ಅಲ್ಲಿಂದ ಫೆರಿಯಲ್ಲಿ ಪೆನಾಂಗ್ ದ್ವೀಪ.

ಹೊರಡುವ ಮುಂಚೆ ನನಗಿದ್ದ ಚಿಂತೆ ಒಂದೇ. ಎರಡು ವರ್ಷದ ಹಿಂದೆ ಅವರ ಎದೆಗೆ ಸ್ಟೆಂಟ್ ಹಾಕಿದ್ದಾರೆ. ಓಡಬಾರದು, ಗಾಬರಿಯಾಗಬಾರದು ಅಂತ ಡಾಕ್ಟರು ಹೇಳಿ ಕಳಿಸಿದ್ದರು. ಎದೆ ಹಿಡಿದುಕೊಂಡರೆ ನಾಲಗೆಯ ಕೆಳಗೆ ಇಡುವ ಗುಳಿಗೆಯನ್ನು ನಾನೇ ನನ್ನ ಕೈಚೀಲದಲ್ಲಿ ಇಟ್ಟುಕೊಂಡು ತಿರುಗುತ್ತೇನೆ. ಅವರ ಕೈಗೆ ಕೊಟ್ಟರೆ ಎಲ್ಲಿ ಇಟ್ಟೆ ಅಂತ ನನ್ನನ್ನೇ ಕೇಳುತ್ತಾರೆ.

ಆ ದಿನ ಬೆಳಿಗ್ಗೆ ಕೌಲಾಲಂಪುರದ ಸ್ಟೇಷನ್ನಿನಲ್ಲಿಯೇ ಜಗಳ ಶುರುವಾಯಿತು. ಅಲ್ಲಿಯ ಮೆಟ್ಟಿಲುಗಳು ತಾವೇ ಓಡುತ್ತವೆ. ನನಗೆ ಕಾಲಿಡಲು ಧೈರ್ಯ ಬರಲಿಲ್ಲ. ಸೀರೆಯ ನಿರಿಗೆ ಎತ್ತಿ ಹಿಡಿದು ಈಗ ಇಡಲೋ ಆಗ ಇಡಲೋ ಅಂತ ನಿಂತಿದ್ದೆ. ಅವರು ಎಂದಿನಂತೆ ಮುಂದೆ ಹೋಗಿ ಮೇಲೆ ತಲುಪಿಯೂ ಬಿಟ್ಟಿದ್ದರು. ನಮ್ಮ ಕಡೆ ಗಂಡಸರು ಹತ್ತು ಹೆಜ್ಜೆ ಮುಂದೆ ನಡೆಯುವುದು, ಹೆಂಗಸರು ಹಿಂದೆ ಹೋಗುವುದು ರೂಢಿ. ಮದುವೆಯಾದಾಗಿನಿಂದ ನಾನು ನೋಡಿದ್ದು ಅವರ ಮುಖಕ್ಕಿಂತ ಬೆನ್ನನ್ನೇ ಹೆಚ್ಚು. ಒಮ್ಮೆ ಕೇಳಿದ್ದಕ್ಕೆ ನನ್ನ ಕೈಯ ಬಳೆ ತೋರಿಸಿ, "ನಿನ್ನ ಬಳಿ ಸಪ್ಪಳ ಕೇಳಸ್ತದಲ, ಹೊಳ್ಳಿ ಯಾಕ ನೋಡ್ಲಿ?" ಅಂದಿದ್ದರು.

ಕೊನೆಗೆ ಯಾರೋ ಪುಣ್ಯಾತ್ಗಿತ್ತಿ ಕೈ ಹಿಡಿದು ನನ್ನನ್ನು ಮೆಟ್ಟಿಲ ಮೇಲೆ ಹತ್ತಿಸಿದಳು. ಮೇಲೆ ಹೋದರೆ ಇವರು ಗಡಿಯಾರ ನೋಡುತ್ತ ನಿಂತಿದ್ದಾರೆ.

"ನಿನ್ನ ಕರ್ಕೊಂಡು ಬರೂದಕ್ಕಿಂತ ಒಂದು ಚೀಲ ಜ್ವಾಳ ಹೊತ್ಕೊಂಡು ಬಂದಿದ್ರ ಛಲೋ ಇತ್ತು" ಅಂದರು.

"ಹೊತ್ಕೊಂಡು ಬರಬೇಕಿತ್ತು. ನಿಮಗ ರೊಟ್ಟಿ ಆ ಚೀಲಾನೇ ಬಡದು ಹಾಕ್ತಿತ್ತು" ಅಂದೆ.

ರೈಲು ಹೊರಟು ಒಂದು ತಾಸಾದರೂ ನಾನು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದೆ. ಹೊರಗೆ ತಾಳೆಯ ತೋಟಗಳು, ಮತ್ತೆ ತಾಳೆಯ ತೋಟಗಳು. ಒಳಗೆ ಎಸಿ ಎಷ್ಟು ಜೋರಿತ್ತೆಂದರೆ ಅವರು ಕೆಂಪು ಮಫ್ಲರ್ ತೆಗೆದು ಕಿವಿ ಕಟ್ಟಿಕೊಂಡರು. ಟಿಕೇಟು ನೋಡುವವನು ಬಂದು ಹೋದ. ಅವನು ಹೋದದ್ದೇ ತಡ, ಇವರು, "ಚೀಟಿ ಹರಿಯಂಗಿಲ್ಲ, ಮಂದಿ ಎಣಸಂಗಿಲ್ಲ. ಇದೆಂಥ ಡ್ಯೂಟಿ" ಎಂದು ತಮಗೆ ತಾವೇ ಅಂದರು. ನಾನು ನಗಲಿಲ್ಲ. ನಗು ಬಂದಿತ್ತು, ಆದರೆ ನಗಲಿಲ್ಲ.

ಆಮೇಲೆ ಅವರೇ ಬುತ್ತಿ ಬಿಚ್ಚಿದರು. ಖಡಕ್ ರೊಟ್ಟಿಯನ್ನು ಸಪ್ಪಳವಾಗದಂತೆ ಮಫ್ಲರಿನ ತುದಿಯಲ್ಲಿ ಮುಚ್ಚಿ ಮುರಿದು, ದೊಡ್ಡ ತುಂಡಿನ ಮೇಲೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಾಕಿ, ಎರಡು ಹನಿ ಎಣ್ಣೆ ಬಿಟ್ಟು ನನ್ನ ತೊಡೆಯ ಮೇಲೆ ಇಟ್ಟರು. ತಪ್ಪಾಯ್ತು ಅನ್ನುವ ಶಬ್ದ ಅವರ ಬಾಯಿಯಲ್ಲಿ ಇಲ್ಲ. ಇರುವುದು ಇಷ್ಟೇ. ನಾನು ತಿಂದೆ, ಸಿಟ್ಟನ್ನು ಮಾತ್ರ ಪೂರ್ತಿ ಬಿಡಲಿಲ್ಲ. ಸ್ವಲ್ಪ ಉಳಿಸಿಕೊಂಡೆ.

ಆ ಉಳಿಸಿಕೊಂಡ ಸಿಟ್ಟೇ ಕೆಲಸ ಕೆಡಿಸಿತು.

ಬಟರ್‌ವರ್ತ್‌ನಲ್ಲಿ ಇಳಿದು ಉದ್ದನೆಯ ಮಾಡಿನ ದಾರಿಯಲ್ಲಿ ಫೆರಿಯ ಕಟ್ಟಡಕ್ಕೆ ಬಂದೆವು. ದೊಡ್ಡ ಚೀಲ, ಇಬ್ಬರ ಪಾಸ್‌ಪೋರ್ಟು, ಅಲ್ಲಿಯ ಸಿಮ್ ಹಾಕಿದ ಫೋನು ಎಲ್ಲ ಅವರ ಹತ್ತಿರ. ನನ್ನ ಹತ್ತಿರ ಬುತ್ತಿ, ನೀರು, ಗುಳಿಗೆ. ಇಬ್ಬರದೂ ಟಿಕೇಟು ತೋರಿಸಿ ಕಾಯುವ ಹಾಲಿನ ಒಳಗೆ ಹೋದೆವು. ಅವರು ಮುಂದೆ, ನಾನು ಹಿಂದೆ. ಅಷ್ಟರಲ್ಲಿ ಪಕ್ಕದ ಕಿಟಕಿಯಲ್ಲಿ ಸಮುದ್ರ ಕಂಡಿತು. ನೀಲಿ ಇರಲಿಲ್ಲ, ಬೂದಿಯ ಬಣ್ಣ ಇತ್ತು. ಆದರೂ ನನ್ನ ಕಾಲು ಅಲ್ಲೇ ನಿಂತವು. ಸುಮ್ಮನೆ ಸಮುದ್ರಕ್ಕಾಗಿ ನಿಂತೆ ಅಂದರೆ ಸುಳ್ಳಾಗುತ್ತದೆ. ಈ ಮನುಷ್ಯ ಎಷ್ಟು ದೂರ ಹೋದ ಮೇಲೆ ಹೊಳ್ಳಿ ನೋಡುತ್ತಾನೆ, ಇವತ್ತು ನೋಡಿಯೇ ಬಿಡೋಣ ಅನ್ನಿಸಿತು. ಬೇಕಂತಲೇ ನಿಂತೆ.

ಗೇಟು ತೆರೆಯಿತು. ಜನ ಒಮ್ಮೆಲೇ ನುಗ್ಗಿದರು. ಆ ಕೆಂಪು ಮಫ್ಲರ್ ಜನರ ತಲೆಗಳ ನಡುವೆ ಹೋಗುತ್ತಲೇ ಇತ್ತು, ತಿರುಗಲಿಲ್ಲ. ಇನ್ನೇನು ತಿರುಗುತ್ತದೆ, ಇನ್ನೇನು ತಿರುಗುತ್ತದೆ ಅಂತ ನೋಡುತ್ತ ನಿಂತೆ. ಓಡಬೇಕು ಅಂತ ನನಗೆ ಹೊಳೆಯುವಷ್ಟರಲ್ಲಿ ಗೇಟು ಮುಚ್ಚಿತು.

ಕಬ್ಬಿಣದ ಸರಳಿಗೆ ಮುಖ ಹಚ್ಚಿ ಕೂಗಲು ಬಾಯಿ ತೆರೆದೆ. ಏನಂತ ಕೂಗಲಿ? ಮನೆಯಲ್ಲಾದರೆ "ಕೇಳ್ರಿಲ್ಲಿ" ಅಂದರೆ ಸಾಕು. ಗಂಡನ ಹೆಸರು ಹಿಡಿದು ಕರೆದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಅಂತ ನನಗೆ ಹೇಳಿ ಬೆಳೆಸಿದ್ದರು. ಇದೆಲ್ಲ ಮೂಢನಂಬಿಕೆ ಅಂತ ನಾನೇ ಶಾಲೆಯಲ್ಲಿ ಮಕ್ಕಳಿಗೆ ಹೇಳಿದ್ದೇನೆ. ಆದರೆ ಮದುವೆಯಲ್ಲಿ ಗಂಡನ ಹೆಸರು ಸೇರಿಸಿ ಒಡಪು ಹೇಳಿಸಿದಾಗಲೂ ಹೆಸರು ಬರುವಲ್ಲಿಗೆ ಸೆರಗು ಬಾಯಿಗಿಟ್ಟು ನುಂಗಿದವಳು ನಾನು. ಸ್ಟೆಂಟ್ ಹಾಕಿದ ಮೇಲಂತೂ ಕೇಳುವುದೇ ಬೇಡ, ಕನಸಿನಲ್ಲಿಯೂ ಆ ಹೆಸರು ನನ್ನ ಬಾಯಿಯಿಂದ ಬರಬಾರದು ಅಂತ ಹೆದರುತ್ತಿದ್ದೆ. "ಕೇಳ್ರಿಲ್ಲಿ" ಅಂತ ಕೂಗಿದೆ. ಆ ಗದ್ದಲದಲ್ಲಿ ನನಗೇ ಕೇಳಿಸಲಿಲ್ಲ. ಫೆರಿ ದಡ ಬಿಟ್ಟಿತು.

ಆಗ ನನಗೆ ನನ್ನ ಬಗ್ಗೆ ಒಂದಿಷ್ಟೂ ಭಯವಾಗಲಿಲ್ಲ. ದೇವರಾಣೆ ಹೇಳುತ್ತೇನೆ. ಕೈಚೀಲ ಮುಟ್ಟಿ ನೋಡಿಕೊಂಡೆ, ಗುಳಿಗೆಯ ಡಬ್ಬಿ ಕೈಗೆ ತಾಗಿತು. ಈಗ ಅವರು ಹೊಳ್ಳಿ ನೋಡುತ್ತಾರೆ. ನಾನು ಇರುವುದಿಲ್ಲ. ಓಡುತ್ತಾರೆ. ಗಾಬರಿಯಾಗುತ್ತಾರೆ. ನಾಲಗೆಯ ಕೆಳಗಿನ ಗುಳಿಗೆ ನನ್ನ ಹತ್ತಿರ ಇದೆ, ನಡುವೆ ನೀರು ಇದೆ. ಒಂದು ಹಟಕ್ಕೆ ಬಿದ್ದು ಗಂಡನನ್ನು ಕಳೆದುಕೊಳ್ಳುವಂಥ ಕೆಲಸ ಮಾಡಿಕೊಂಡೆನಲ್ಲ.

ಗೇಟಿನ ಹತ್ತಿರ ಸಮವಸ್ತ್ರದ ಒಬ್ಬ ಹೆಂಗಸು ಇದ್ದಳು. ನನ್ನದೇ ವಯಸ್ಸು, ತಲೆಗೆ ಬಟ್ಟೆ ಕಟ್ಟಿದ್ದಳು, ನಾವು ಆಪಾ ಅಂತ ಕರೆಯುವ ನಮ್ಮ ಓಣಿಯ ಮುಸ್ಲಿಂ ಹೆಂಗಸಿನ ಹಾಗೇ ದುಂಡನೆಯ ಮುಖ. ನನಗೆ ಬರುವ ಶಾಲೆಯ ಇಂಗ್ಲಿಷಿನಲ್ಲಿ ಹೇಳಿದೆ: ಗಂಡ, ಫೆರಿಯಲ್ಲಿ, ಹೃದಯದ ರೋಗಿ, ಔಷಧ ಇಲ್ಲಿ. ಅಷ್ಟಕ್ಕೇ ಅವಳಿಗೆ ಎಲ್ಲ ತಿಳಿಯಿತು. ಫೋನ್ ನಂಬರ್ ಕೇಳಿದಳು. ಹೊಸ ಸಿಮ್ಮಿನ ನಂಬರು ನನಗೆ ಬಾಯಿಪಾಠ ಇರಲಿಲ್ಲ. ಹಾಗಾದರೆ ಹೆಸರು ಹೇಳು ಅಂದಳು.

ನಾನು ಕಾಗದ ಕೇಳಿದೆ. ಬರೆಯಲು ನನಗೆ ಅಡ್ಡಿ ಇಲ್ಲ, ರೇಷನ್ ಕಾರ್ಡಿನಿಂದ ಪಾಸ್‌ಪೋರ್ಟಿನವರೆಗೆ ಎಷ್ಟು ಅರ್ಜಿ ತುಂಬಿದ್ದೇನೆ. ಅವರ ಹೆಸರು, ಅವರ ಅಪ್ಪನ ಹೆಸರು, ಮನೆತನದ ಹೆಸರು, ಎಲ್ಲ ಸೇರಿಸಿ ಬರೆದುಕೊಟ್ಟೆ. ಅವಳು ವಾಕಿಟಾಕಿ ಹಿಡಿದು ಆ ಉದ್ದನೆಯ ಹೆಸರನ್ನು ಓದಿದಳು. ಅವಳ ಬಾಯಿಯಲ್ಲಿ ಅದು ಯಾರ ಹೆಸರಾಗಿಯೂ ಉಳಿಯಲಿಲ್ಲ. ಫೆರಿಯ ಕೆಲಸಗಾರನೊಬ್ಬ ಅಲ್ಲಿ ಕೂಗಿ ನೋಡಿದನಂತೆ. ಯಾರೂ ಕೈ ಎತ್ತಲಿಲ್ಲ. ಮತ್ತೊಮ್ಮೆ ಕೂಗಿದ. ಇಲ್ಲ. ಇಂಡಿಯಾದ ಒಬ್ಬ ಮುದುಕ ಮಾತ್ರ ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಓಡಾಡುತ್ತಿದ್ದಾನೆ, ಯಾರ ಮಾತೂ ಕೇಳುತ್ತಿಲ್ಲ ಅಂತ ಹೇಳಿದ.

"ಅವರೇ" ಅಂದೆ.

ಅವಳು ವಾಕಿಟಾಕಿಯನ್ನು ನನ್ನ ಬಾಯಿಯ ಮುಂದೆ ಹಿಡಿದಳು. ಫೆರಿಯ ಕೆಲಸಗಾರ ನಿನ್ನ ಗಂಡನ ಹತ್ತಿರ ಹೋಗಿ ನಿಂತಿದ್ದಾನೆ, ನೀನೇ ಕರೆ, ನಿನ್ನ ದನಿ ಅವನಿಗೆ ಗೊತ್ತಾಗುತ್ತದೆ ಅಂದಳು.

ಬರೆದುಕೊಟ್ಟ ಆ ಉದ್ದನೆಯ ಹೆಸರು ಅವರದೇ ಹೌದು, ಆದರೆ ಓಡುವ ಮನುಷ್ಯನನ್ನು ನಿಲ್ಲಿಸುವ ಹೆಸರು ಅದಲ್ಲ. ನಿಲ್ಲಿಸುವ ಹೆಸರು ನನಗೆ ಗೊತ್ತಿತ್ತು. ಸುರಪುರದ ರಂಗಂಪೇಟೆಯ ಮನೆಗೆ ನಾನು ಸೊಸೆಯಾಗಿ ಹೋದ ಹೊಸದರಲ್ಲಿ, ನಮ್ಮ ಅತ್ತೆ ಮಾಳಿಗೆಯ ಮೇಲೆ ನಿಂತು, ಡ್ಯೂಟಿ ಮುಗಿಸಿ ಬಂದು ಕಟ್ಟೆಯಲ್ಲಿ ಹರಟೆಗೆ ಕೂತ ಮಗನನ್ನು ಊಟಕ್ಕೆ ಕರೆಯುತ್ತಿದ್ದರು. ಎರಡೇ ಅಕ್ಷರ, ಎರಡನೆಯದನ್ನು ಎಳೆದು. ಎಷ್ಟೇ ಹರಟೆಯಲ್ಲಿದ್ದರೂ ಇವರು ಆ ಒಂದು ಕರೆಗೆ ಎದ್ದು ಬರುತ್ತಿದ್ದರು. ಆಯುಷ್ಯ ಕಡಿಮೆಯಾದರೆ ನನ್ನದರಲ್ಲಿ ತೆಗೆದುಕೋ ತಂದೆ ಅಂತ ಶಿವನಿಗೆ ಹೇಳಿ, ಆ ಎರಡಕ್ಷರವನ್ನು ಅತ್ತೆ ಎಳೆದ ಹಾಗೆಯೇ ಎಳೆದು ಕೂಗಿದೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

"ನಾ ಇಲ್ಲೇ ದಂಡಿ ಮ್ಯಾಲ ಅದೀನಿ" ಅಂದೆ. "ಓಡಬ್ಯಾಡ್ರಿ. ಅಲ್ಲೇ ಕುಂದರ್ರಿ."

ಬರೀ ಕರಕರ ಸಪ್ಪಳ. ಆಮೇಲೆ ಯಾರದೋ ಏದುಸಿರು.

"ಎಲ್ಲಿ ಹಾಳಾಗಿ ಹೋಗಿದ್ದಿ?" ಅವರ ದನಿ ಒಡೆದಿತ್ತು.

"ಇಲ್ಲೇ ಅದೀನಂದ್ನಲ್ರಿ. ಎದಿ ನೋಯಾಕತ್ತದೇನು?"

"ಇಲ್ಲ" ಅಂದರು. "ನಾ ನೀರಾಗ ನೋಡಾಕತ್ತಿದ್ದೆ."

ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಆ ಹೆಂಗಸೂ ನನ್ನ ಪಕ್ಕದಲ್ಲಿ ಕೂತು ಬೆನ್ನು ಸವರಿದಳು. ಅದೇ ಫೆರಿ ತಿರುಗಿ ಬರುತ್ತದೆ, ಅವನು ಅದರಲ್ಲೇ ಬರುತ್ತಾನೆ ಅಂತ ಮೂರು ಮೂರು ಸಲ ಹೇಳಿದಳು. ಬುತ್ತಿಯಲ್ಲಿ ಉಳಿದಿದ್ದ ಶೇಂಗಾ ಹೋಳಿಗೆ ಅವಳ ಕೈಗಿಟ್ಟೆ. ನನ್ನ ಮುಖ ನೋಡುತ್ತಲೇ ಅದನ್ನು ಪೂರ್ತಿ ತಿಂದಳು.

ಮುಕ್ಕಾಲು ತಾಸಿನ ಮೇಲೆ ಫೆರಿ ಬಂತು. ಇಳಿಯುವ ಜನರಲ್ಲಿ ಎಲ್ಲರಿಗಿಂತ ಕೊನೆಗೆ ಅವರು ಬಂದರು, ನಿಧಾನವಾಗಿ, ಹೇಳಿದ ಮಾತು ಕೇಳಿದವರಂತೆ. ಮಫ್ಲರ್ ಕೈಯಲ್ಲಿತ್ತು, ಕಣ್ಣು ಕೆಂಪಗಿದ್ದವು. ಬೆಂಚಿನ ಮೇಲೆ ಕೂಡಿಸಿ ನೀರು ಕೊಟ್ಟೆ, ನಾಡಿ ಹಿಡಿದು ನೋಡಿದೆ. ಗುಳಿಗೆ ಬೇಕಾಗಲಿಲ್ಲ.

"ಬಳಿ ಸಪ್ಪಳ ಹಿಂದ ಬರಾಕತ್ತಿತ್ತು" ಅಂದರು. "ನೀನೇ ಅಂತ ತಿಳ್ಕೊಂಡು ಹ್ವಾದೆ. ಹತ್ತಿದ ಮ್ಯಾಲ ನೋಡಿದ್ರ ಯಾರೋ ತಮಿಳ ಹೆಣ್ಮಗಳು. ಮೂವತ್ತೆರಡು ವರ್ಷ ಸರ್ವೀಸನಾಗ ಒಬ್ಬ ಪ್ಯಾಸೆಂಜರ್‌ನೂ ಬಿಟ್ಟು ಬಂದಾಂವ ಅಲ್ಲ ನಾ."

ಇನ್ನು ಮುಚ್ಚಿಡಲು ನನ್ನಿಂದ ಆಗಲಿಲ್ಲ. "ತಪ್ಪು ನಿಮ್ಮದಲ್ರಿ. ನಾ ಬೇಕಂತನೇ ನಿಂತಿದ್ದೆ. ನೀವು ಹೊಳ್ಳಿ ನೋಡ್ತೀರೋ ಇಲ್ಲೋ ಅಂತ."

ಬೈಯುತ್ತಾರೆ ಅಂತ ಕಾದೆ. ಬೈದರೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ಮಫ್ಲರನ್ನು ಮಡಿಚಿದರು, ಬಿಚ್ಚಿದರು, ಮತ್ತೆ ಮಡಿಚಿದರು. ಆಮೇಲೆ ನನ್ನ ಕಡೆ ನೋಡದೆ, "ಇನ್ನೊಮ್ಮಿ ಕರಿ" ಅಂದರು.

"ಏನು?"

"ಅದ. ಆಗ ಕರದ್ಯಲ್ಲ, ಹಂಗ."

"ಸುಮ್ಕಿರ್ರಿ. ಒಮ್ಮಿ ಕರದದ್ದಕ್ಕ ನನ್ನ ಜೀವ ಹೊಡಕೊಳ್ಳಾಕತ್ತದ."

"ಮಂದಿ ಎಲ್ಲಾ ಕಂಡಕ್ಟರ್ ಸಾಹೇಬ್ರ ಅಂತಾರ. ಮಕ್ಕಳು ಅಪ್ಪ ಅಂತಾವ. ನೀ ಕೇಳ್ರಿಲ್ಲಿ ಅಂತಿ" ಅಂದರು. "ಅವ್ವ ಹ್ವಾದ ಮ್ಯಾಲ ಆ ಹೆಸರು ಹಿಡದು ನನ್ನ ಯಾರೂ ಕರದಿಲ್ಲ ನೋಡು."

ಗೇಟು ಮತ್ತೆ ತೆರೆದಿತ್ತು, ಜನ ಹೋಗುತ್ತಿದ್ದರು. ನಾವಿಬ್ಬರೂ ಏಳಲಿಲ್ಲ. ನಾನು ಸೆರಗು ಸರಿ ಮಾಡಿಕೊಂಡು, ಅವರಿಗೊಬ್ಬರಿಗೇ ಕೇಳುವಷ್ಟು ಮೆಲ್ಲಗೆ ಕರೆದೆ.

ಅವರು "ಓ" ಎಂದರು.