ಪೂರ್ತಿ ಓದದ ಕೆಂಪು ಸಾಲು

ನನ್ನ ಮೊಮ್ಮಗಳು ವೆಬ್‌ಸೈಟ್ ಕಟ್ಟುವವಳು. ಕೈ ಚುರುಕು, ಕೋಪ ಮೂಗಿನ ತುದಿಯಲ್ಲೇ. ಅದು ಅವಳ ತಾತನಿಂದ ಬಂದದ್ದು, ನನ್ನಿಂದಲ್ಲ. ಕಣ್ಣಾಸ್ಪತ್ರೆಗೆ ಜನ ಮನೆಯಿಂದಲೇ ಸಮಯ ಗೊತ್ತುಮಾಡಿಕೊಳ್ಳುವ ಪುಟವೊಂದನ್ನು ಅವಳಿಗೆ ಒಪ್ಪಿಸಿದ್ದರು. ಒಬ್ಬಳೇ ಹೊತ್ತ ಮೊದಲ ಕೆಲಸ. ಶುಕ್ರವಾರ ಸಂಜೆಯೊಳಗೆ ಆಗದಿದ್ದರೆ ಬೇರೆಯವರಿಗೆ ಕೊಡುತ್ತೇವೆಂದು ಮೇಲಿನವರು ಹೇಳಿಬಿಟ್ಟಿದ್ದರು.

ಪುಟ ಇರುವುದು ಒಂದು ವಿಳಾಸದಲ್ಲಿ, ಡಾಕ್ಟರ ಬಿಡುವಿನ ಪಟ್ಟಿ ಇನ್ನೊಂದರಲ್ಲಿ. ನಡುವೆ ಬ್ರೌಸರ್ ಕಾವಲು ಕೂತಿರುತ್ತದಂತೆ. ಪಟ್ಟಿಯ ಕಡೆಯಿಂದ ‘ಈ ವಿಳಾಸಕ್ಕೆ ಕೊಡಬಹುದು’ ಎಂಬ ಚೀಟಿ ಬಂದರಷ್ಟೇ ಅದು ಒಪ್ಪುವುದು. ಮಂಗಳವಾರ, ಚೀಟಿ ಇಲ್ಲವೆಂದು ಪರದೆಯ ಮೇಲೆ ಕೆಂಪು ಸಾಲು ಬಂತು. ಇವಳು ಪಟ್ಟಿ ಕಳಿಸುವ ಪ್ರೋಗ್ರಾಮಿನಲ್ಲಿ ಚೀಟಿ ಸೇರಿಸಿದಳು. ಮತ್ತೂ ಕೆಂಪು. ಬುಧವಾರ ಕೆಂಪು, ಗುರುವಾರ ಕೆಂಪು. ಬರೆದದ್ದನ್ನೇ ತಿದ್ದಿ ತಿದ್ದಿ ಬರೆದಳು. ಊಟ ಮುಂದಿಟ್ಟರೆ ತಟ್ಟೆಯ ಮೇಲೂ ಸಿಡುಕು.

ಶುಕ್ರವಾರ ಬೆಳಿಗ್ಗೆ ಅವಳು ಮನೆಯಲ್ಲೇ ಕೆಲಸಕ್ಕೆ ಕೂತಿದ್ದಳು, ನಾನು ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದೆ. ಕಣ್ಣಿಗೆ ಪೊರೆ ಬಂದ ಮೇಲೆ ಪತ್ರಿಕೆ, ಔಷಧಿ ಡಬ್ಬಿ ಎಲ್ಲವನ್ನೂ ಅವಳಿಂದಲೇ ಓದಿಸಿಕೊಳ್ಳುವುದು. ಮುಗಿಸುವ ತನಕ ನಾನು ಬಿಡುವವಳಲ್ಲ.

“ಏನ್ ಬರೆದಿದೆ ಅದರಲ್ಲಿ, ಓದೇ.”

“ಮೂರು ದಿನದಿಂದ ಅದನ್ನೇ ನೋಡ್ತಿದೀನಿ ಅಜ್ಜಿ. ಚೀಟಿ ಇಲ್ಲ ಅಂತ.”

“ಪೂರ್ತಿ ಓದು. ನನ್ ಔಷಧಿ ಡಬ್ಬೀನೂ ಹೀಗೇ ಅರ್ಧ ಓದ್ತೀಯಾ?”

ಹಲ್ಲು ಕಚ್ಚಿಕೊಂಡು ಓದಿದಳು. ಕೊನೆಗೆ ಬಂದವಳು ಮತ್ತೆ ಮೊದಲಿನಿಂದ ಓದಿದಳು. ಮಂಗಳವಾರದ ಹಾಗೆ ಚೀಟಿ ಇಲ್ಲ ಎಂದಿರಲೇ ಇಲ್ಲ. ಎರಡು ಚೀಟಿ ಬಂದಿವೆ, ಒಂದೇ ಇರಬೇಕು ಎಂದಿತ್ತು. ಬಣ್ಣ ಅದೇ, ಶುರುವಿನ ಮಾತೂ ಅದೇ, ಹಾಗಾಗಿ ಇವಳು ಮುಂದಕ್ಕೆ ಕಣ್ಣು ಹಾಯಿಸಿರಲಿಲ್ಲ.

ಪಟ್ಟಿ ಇರುವ ಸರ್ವರ್ ನೋಡಿಕೊಳ್ಳುವವನಿಗೆ ಫೋನ್ ಮಾಡಿದಳು. ಇವಳಿಗೆ ಸಹಾಯವಾಗಲೆಂದು ಮಂಗಳವಾರವೇ ಅವನೂ ಒಂದು ಚೀಟಿ ಸೇರಿಸಿದ್ದನಂತೆ. ಹೇಳಲು ಮರೆತನಂತೆ. ನಮ್ಮ ಯಜಮಾನರೂ ನಾನೂ ಹೀಗೇ ಒಬ್ಬರಿಗೊಬ್ಬರು ಹೇಳದೆ ಗೋಡೆ ಗಡಿಯಾರಕ್ಕೆ ಕೀ ಕೊಟ್ಟು ಕೊಟ್ಟು ಸ್ಪ್ರಿಂಗ್ ಮುರಿದಿದ್ದೆವು. ಆಮೇಲೆ ವಾರವಿಡೀ ತಪ್ಪು ಯಾರದೆಂದು ಜಗಳ, ಅದು ಬೇರೆ ಕಥೆ.

“ಒಂದ್ ಮಾತು ಹೇಳೋಕೆ ನಿನ್ ಬಾಯಿಗೆ ಏನಾಗಿತ್ತೋ ಮಹರಾಯ” ಎಂದಳು.

ಅವನು ತನ್ನ ಚೀಟಿ ತೆಗೆದ. ಪುಟ ತೆರೆಯಿತು, ಕೆಲಸ ಅವಳ ಕೈಯಲ್ಲೇ ಉಳಿಯಿತು. ಹುಡುಗಿಗೆ ಸಂತೋಷವೇನೂ ಆಗಲಿಲ್ಲ. ಮೂರು ದಿನ ಮಣ್ಣುಪಾಲಾಯಿತೆಂದು ಗೊಣಗುತ್ತಲೇ, ಸರಿಯಾಗಿದೆಯೋ ನೋಡಲು, ನನ್ನ ಕಣ್ಣಿಗೇ ಮೊದಲ ಸಮಯ ಗೊತ್ತುಮಾಡಿದಳು. ಸೋಮವಾರ ಹತ್ತೂಕಾಲು. ಆಸ್ಪತ್ರೆಯಿಂದ ಬಂದ ಸಂದೇಶವನ್ನು ಮಾತ್ರ, ನಾನು ಕೇಳುವ ಮೊದಲೇ, ಕೊನೆಯವರೆಗೂ ಓದಿ ಹೇಳಿದಳು.