ಮಗಳ ಬಣ್ಣಕ್ಕೆ ಡಬ್ಬಿ ಇರಲಿಲ್ಲ

ಮೇಕಪ್ಪಿನ ಬಾಲಣ್ಣ ಸ್ಪಂಜು ಎತ್ತಿದರು. ನನ್ನ ಮಗಳು ಶ್ರಾವ್ಯ ಮುಖ ತಿರುಗಿಸಿದಳು.

ಕಳೆದ ಭಾನುವಾರ, ಮಂಗಳೂರಿನ ಕಂಕನಾಡಿಯ ಒಂದು ಸಭಾಂಗಣದ ಗ್ರೀನ್‌ರೂಮ್. ಭರತನಾಟ್ಯ ಕ್ಲಾಸಿನ ವಾರ್ಷಿಕೋತ್ಸವ. ಒಂಬತ್ತು ವರ್ಷದವಳಿಗೆ ಮೊದಲ ಸೋಲೋ. ವೇದಿಕೆಗೆ ಕರೆಯಲು ಇನ್ನು ಅರ್ಧ ಗಂಟೆ.

"ನನ್ನ ಕೈಯ ಬಣ್ಣ ಉಂಟಲ್ಲ, ಮುಖಕ್ಕೂ ಅದೇ ಬೇಕು. ಇಲ್ಲದಿದ್ರೆ ನಾನು ಸ್ಟೇಜಿಗೆ ಹೋಗುವುದಿಲ್ಲ," ಎಂದಳು.

ಇದಕ್ಕೆಲ್ಲ ಕಾರಣ ಒಂದು ಚಿತ್ರಪುಸ್ತಕ. ಹಂಪನಕಟ್ಟೆಯಲ್ಲಿ ನಾನೇ ಕೊಡಿಸಿದ್ದು (ಡ್ಯಾನ್ಸಿನದ್ದಲ್ಲವಾ, ಇರಲಿ ಅಂತ). ತುದಿಗಾಲಲ್ಲಿ ಬ್ಯಾಲೆ ಕುಣಿಯುವ ಕಪ್ಪು ಹುಡುಗಿಯರ ಕಥೆಗಳು. ಬ್ಯಾಲೆಯ ಶೂ ಬರುವುದು ತಿಳಿ ಗುಲಾಬಿಯಲ್ಲಿ. ಅದು ಮೈಬಣ್ಣವಂತೆ. ಯಾರ ಮೈ? ಆ ಹುಡುಗಿಯರು ಮುಖಕ್ಕೆ ಹಚ್ಚುವ ತಮ್ಮ ಫೌಂಡೇಶನ್ನನ್ನೇ ಶೂಗೆ ಬಳಿದು, ತಮ್ಮ ಕಾಲಿನ ಬಣ್ಣಕ್ಕೆ ತಂದುಕೊಂಡರು. ನಿಮಗಿಲ್ಲಿ ಜಾಗವಿಲ್ಲ ಎಂದ ವೇದಿಕೆಗಳಲ್ಲೇ ಕುಣಿದರು. ಆ ಪುಟ ಶ್ರಾವ್ಯಳಿಗೆ ಬಾಯಿಪಾಠ.

ನಮ್ಮ ಕ್ರಮ ಬೇರೆ. ಯಾವ ಬಣ್ಣದ ಮಗು ಕೂತರೂ ಗುಲಾಬಿ ಮುಖ ಹೊತ್ತು ಏಳುತ್ತದೆ. ಕತ್ತಿನ ಕೆಳಗೆ ಬೇರೆಯೇ ಮಗು. ಇದು ಬಾಲಣ್ಣನ ತಪ್ಪು ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ.

"ಎಂತ ಅಕ್ಕ," ಎಂದರು ಬಾಲಣ್ಣ, "ಹೋದ ವರ್ಷ ಸ್ವಲ್ಪ ಬೆಳ್ಳಗೆ ಮಾಡಿ ಅಂದದ್ದು ನೀವೇ ಅಲ್ವಾ?"

ನಾನಾ? ನನಗೆ ನೆನಪಿಲ್ಲ. ಶ್ರಾವ್ಯಳಿಗೆ ಇತ್ತು. ಹೌದೆಂದು ತಲೆಯಾಡಿಸಿದಳು. (ನೆನಪು ತನಗೆ ಬೇಕಾದ ಹಾಗೆ ಬಣ್ಣ ಬಳಿದುಕೊಂಡೇ ಹೊರಗೆ ಬರುತ್ತದೆ. ನಂಬಬೇಡಿ.)

ಆಮೇಲೆ ಇನ್ನೊಂದು ತೊಡಕು. ಪೆಟ್ಟಿಗೆಯಲ್ಲಿ ಅವಳ ಬಣ್ಣವೇ ಇಲ್ಲ! ಇದ್ದ ಒಂದೇ ಕಂದು ಡಬ್ಬಿ ರಾಕ್ಷಸರ ಪಾತ್ರಕ್ಕೆ. ಹಾಗೆಂದು ಹೇಳಿ ಬಾಲಣ್ಣ ತಾವೇ ನಾಚಿಕೊಂಡರು. ಪರವಾಗಿಲ್ಲ, ಅದನ್ನೇ ಹಚ್ಚಿ ಎಂದಳು ಶ್ರಾವ್ಯ. ಅವರು ಅದಕ್ಕೆ ಹಳದಿ ಬೆರೆಸಿದರು, ಚೂರು ಕೆಂಪು ಬೆರೆಸಿದರು, ಅವಳ ಮುಂಗೈಗೆ ಹಚ್ಚಿ ನೋಡಿದರು. ಒರೆಸಿದರು. ಮತ್ತೆ ಬೆರೆಸಿದರು. ಮೂರನೆಯ ಸಲ ಹಚ್ಚಿದ್ದು ಕೈಮೇಲೆ ಕಾಣಿಸಲೇ ಇಲ್ಲ.

"ಸಿಕ್ಕಿತು," ಎಂದರು.

ಶ್ರಾವ್ಯ ವೇದಿಕೆಯ ಬೆಳಕಿಗೆ ಬಂದಳು. ಮುಖ, ಕತ್ತು, ಕೈ, ಪಾದ, ಎಲ್ಲ ಒಬ್ಬಳದೇ. ಮೊದಲ ಹೆಜ್ಜೆಗೇ ನೆಲ ಅವಳದಾಯಿತು. ಕೊನೆಯಲ್ಲಿ ಚಪ್ಪಾಳೆ ನಿಲ್ಲಲು ಒಪ್ಪಲಿಲ್ಲ. ಪಕ್ಕದ ಸೀಟಿನವರು, ಮಗುವಿಗೆ ಮೇಕಪ್ ಹಾಕಿಸಲಿಲ್ಲವಾ ಎಂದು ಕೇಳಿದರು. ಹಾಕಿಸಿದ್ದೇನೆ, ತುಂಬ ಹೊತ್ತು ಹಿಡಿಯಿತು ಎಂದೆ.

ಗ್ರೀನ್‌ರೂಮಿಗೆ ಹಿಂತಿರುಗಿದರೆ ಬಾಲಣ್ಣನ ಮುಂದೆ ಮೂವರು ಹುಡುಗಿಯರು ಮುಂಗೈ ಚಾಚಿ ನಿಂತಿದ್ದರು. ಹಿಂದೆ ಅವರ ಅಮ್ಮಂದಿರು.

ಸ್ವಲ್ಪ ಬೆಳ್ಳಗೆ ಮಾಡಿ ಎನ್ನಲು ಬಾಯಿ ತೆರೆಯುವ ಮೊದಲು ನಾವೂ ಒಮ್ಮೆ ನಮ್ಮ ಮುಂಗೈ ನೋಡಿಕೊಳ್ಳಬಾರದೇ?