ಮೈಕ್‌ಸೆಟ್ ಶೇಖಪ್ಪನಿಗೆ ನಾನು ಬರೆದ ‘ದಿವಂಗತ’

2023ರ ಫೆಬ್ರವರಿ. ಹಾವೇರಿಯಲ್ಲಿ ನಾನು ಒಂದು ದಿನಪತ್ರಿಕೆಯ ಜಿಲ್ಲಾ ವರದಿಗಾರನಾಗಿದ್ದೆ. ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು. ಇಪ್ಪತ್ತೊಂಬತ್ತು ವರ್ಷಗಳ ಕೆಲಸದಲ್ಲಿ ನನ್ನ ವರದಿಗಳಿಗೆ ಪತ್ರಿಕೆ ಆರು ತಿದ್ದುಪಡಿಗಳನ್ನು ಪ್ರಕಟಿಸಿತ್ತು. ಒಂದರಲ್ಲಿ ಅಧಿಕಾರಿಯ ಪದನಾಮ ತಪ್ಪಿತ್ತು, ಇನ್ನೊಂದರಲ್ಲಿ ಊರಿನ ಹೆಸರು. ಉಳಿದವೂ ಅಂಥವೇ. ಏಳನೆಯದನ್ನು ಇಲ್ಲಿ ಬರೆಯುತ್ತಿದ್ದೇನೆ.

ಭಾನುವಾರದ ಪುರವಣಿಗೆ ಎಂಬತ್ತರ ದಶಕದ ದಿನಚರಿಯ ಬಗ್ಗೆ ಒಂದು ಮಾಲಿಕೆ ಬೇಕೆಂದು ಹುಬ್ಬಳ್ಳಿಯ ಡೆಸ್ಕಿನವರು ಕೇಳಿದ್ದರು. ವರದಿಗಳನ್ನು ತಿದ್ದಿ ಪುಟಕ್ಕೆ ಹಾಕುವ ವಿಭಾಗಕ್ಕೆ ನಾವು ಡೆಸ್ಕ್ ಎನ್ನುತ್ತೇವೆ. ‘ರಾಜಕೀಯ ಬೇಡ, ಜನ ಓದಿ ಒಂದು ನಿಟ್ಟುಸಿರು ಬಿಡಬೇಕು’ ಎಂಬುದಷ್ಟೇ ಸೂಚನೆ. ಮೂರನೆಯ ಕಂತಿಗೆ ನಾನು ಮೈಕ್‌ಸೆಟ್ಟುಗಳನ್ನು ಆರಿಸಿಕೊಂಡೆ.

ಆಗ ರಾಣೆಬೆನ್ನೂರು, ಬ್ಯಾಡಗಿ ಕಡೆ ಮದುವೆಯ ಮನೆ ಯಾವುದೆಂದು ಯಾರೂ ದಾರಿ ಕೇಳುತ್ತಿರಲಿಲ್ಲ. ಮಾಳಿಗೆಯ ಮೇಲೆ ಕಟ್ಟಿದ ಹಾರ್ನ್ ಎಂಬ ತಗಡಿನ ಉದ್ದ ಬಾಯಿಯಿಂದ ಹಾಡು ಬರುತ್ತಿತ್ತು, ಅದರ ಜಾಡು ಹಿಡಿದು ಹೋದರೆ ಸಾಕು. ಒಳಗೆ ಏನು ನಡೆದಿದೆ ಎಂಬುದೂ ಹೊರಗೆ ಗೊತ್ತಾಗುತ್ತಿತ್ತು. ಬೆಳಗ್ಗೆ ದೇವರ ಹಾಡು, ಅರಿಶಿಣದ ಹೊತ್ತಿಗೆ ಸಿನಿಮಾ ಹಾಡು, ಅಕ್ಕಿಕಾಳು ಬೀಳುವಾಗ ಶಹನಾಯಿ, ಪಂಕ್ತಿ ಕುಳಿತಾಗ ನಾಟಕದ ಹಾಸ್ಯ. ಹಾಸ್ಯದ ಗ್ರಾಮಫೋನ್ ಪ್ಲೇಟು ಕೇಳಿಸಿತೆಂದರೆ ಊಟಕ್ಕೆ ಎಲೆ ಹಾಕಿದರೆಂದೇ ಲೆಕ್ಕ. ಓಣಿಯ ಆ ತುದಿಯವರು ಆಗ ಅಂಗಿ ತೊಟ್ಟುಕೊಂಡು ಹೊರಡುತ್ತಿದ್ದರು. ಮೈಕ್ ಇಲ್ಲದ ಮದುವೆಯನ್ನು ನೋಡಿ ‘ಯಾರರ ತೀರಿಕೊಂಡಾರೇನು ಆ ಮನ್ಯಾಗ’ ಎಂದು ಕೇಳುವವರಿದ್ದರು.

ಈ ಕೆಲಸದಲ್ಲಿ ದೊಡ್ಡ ಹೆಸರು ರಾಣೆಬೆನ್ನೂರಿನ ಶೇಖಪ್ಪನದು. ಅವರ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ನಾನು ಹೋದಾಗ ಅಂಗಡಿಯವರು ಗಿರಾಕಿಗಳ ಗದ್ದಲದಲ್ಲಿದ್ದರು. ಗೋಡೆಯ ಮೇಲೆ ದೇವರ ಫೋಟೋಗಳ ಸಾಲಿನಲ್ಲೇ ಶೇಖಪ್ಪನವರ ಫೋಟೋ ಇತ್ತು. ಪಕ್ಕದಲ್ಲಿ ಆಂಪ್ಲಿಫೈಯರ್, ಕೈಯಲ್ಲಿ ಪ್ಲೇಟು. ಫೋಟೋಗೆ ಸೇವಂತಿಗೆ ಮಾಲೆ ಹಾಕಿತ್ತು, ಗಾಜಿನ ಮೇಲೆ ಕುಂಕುಮವಿತ್ತು. ಫೋಟೋದ ಫೋಟೋ ತೆಗೆದುಕೊಂಡು ಬಂದೆ.

ಸಾವಿನ ಸುದ್ದಿಯನ್ನು ಇಬ್ಬರಿಂದ ಖಚಿತಪಡಿಸಿಕೊಳ್ಳದೆ ಬರೆಯಬಾರದು ಎಂದು ನಾನು ಕಿರಿಯರಿಗೆ ಹೇಳಿಕೊಡುತ್ತಿದ್ದೆ. ಆ ದಿನ ಒಬ್ಬರನ್ನೂ ಕೇಳಲಿಲ್ಲ. ಹಿಂದಿನ ದಿನ ಅಮಾವಾಸ್ಯೆಯಾಗಿತ್ತು. ಅಂಗಡಿ ಪೂಜೆ ಮಾಡಿದವರು ಸಾಲಾಗಿದ್ದ ಫೋಟೋಗಳಿಗೆಲ್ಲ ಒಂದೊಂದು ಮಾಲೆ ಹಾಕಿದ್ದರು. ಆ ಜಾಗದಲ್ಲಿ ಮೊದಲು ವ್ಯಾಪಾರ ಮಾಡಿದವರ ಫೋಟೋ ಇಳಿಸಿದರೆ ಒಳ್ಳೆಯದಾಗುವುದಿಲ್ಲ ಎಂದು ಅದನ್ನು ಹಾಗೇ ಬಿಟ್ಟಿದ್ದರು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಲೇಖನ ‘ದಿವಂಗತ ಶೇಖಪ್ಪ’ ಎಂದೇ ಶುರುವಾಯಿತು. ಬ್ಯಾಡಗಿಯ ಹಳೆಯ ವ್ಯಾಪಾರಿ ಮನೆತನದವರೊಬ್ಬರು ಹೇಳಿದ ಒಂದು ಮದುವೆಯನ್ನು ಅದರ ಮಧ್ಯಭಾಗದಲ್ಲಿ ವಿವರವಾಗಿ ಬರೆದೆ. ಅವರ ಮನೆಯ ಮಾಳಿಗೆಯ ಮೇಲೆ ಶೇಖಪ್ಪ ನಾಲ್ಕು ಹಾರ್ನ್ ಕಟ್ಟಿದ್ದು, ಇಡೀ ಬ್ಯಾಡಗಿ ದಿನವಿಡೀ ಹಾಡು ಕೇಳಿದ್ದು. ಅದೇ ಶೇಖಪ್ಪನವರ ವೃತ್ತಿಯ ಅತ್ಯಂತ ದೊಡ್ಡ ದಿನ ಎಂದೂ ಸೇರಿಸಿದೆ.

ಭಾನುವಾರ ಬೆಳಗ್ಗೆಯಿಂದ ಫೋನುಗಳು ಬಂದವು. ನನ್ನ ಲೇಖನಗಳಿಗೆ ಅಷ್ಟು ಕರೆ ಹಿಂದೆ ಬಂದಿರಲಿಲ್ಲ. ಒಬ್ಬರು ತಮ್ಮ ಮದುವೆಯಲ್ಲಿ ಕರೆಂಟ್ ಹೋಗಿ ಬ್ಯಾಟರಿ ಹಚ್ಚಿದ್ದನ್ನು ನೆನೆದರು. ಇನ್ನೊಬ್ಬರು ಹಾಡಿನ ಎರಡು ಸಾಲು ಹೇಳಿ ಫೋನ್ ಇಟ್ಟರು. ಸೋಮವಾರವೂ, ಮಂಗಳವಾರವೂ ಹಾಗೆಯೇ.

ಬುಧವಾರ ಮಧ್ಯಾಹ್ನ ಎಪ್ಪತ್ತು ದಾಟಿದವರೊಬ್ಬರು ಕಚೇರಿಗೆ ಬಂದರು. ಬಿಳಿ ಅಂಗಿ, ಪೈಜಾಮ, ಕಂಕುಳಲ್ಲಿ ಮಡಚಿದ ಪುರವಣಿ.

‘ಇದನ್ನ ಬರದವ್ರು ನೀವ ಏನ್ರಿ?’

‘ಹೌದು, ಕುಂದ್ರಿ.’

‘ಚೊಲೋ ಬರದೀರಿ. ಒಂದ ತಪ್ಪ ಐತಿ.’

‘ಏನ್ರಿ ಅದು?’

‘ನಾ ಸತ್ತಿಲ್ಲ.’

ಫೋಟೋದಲ್ಲಿದ್ದ ಮುಖವೇ. ಕೂದಲು ಇರಲಿಲ್ಲ ಅಷ್ಟೆ. ನಾನು ಎದ್ದು ನಿಂತು ಕ್ಷಮೆ ಕೇಳಿದೆ. ಅವರಿಗೆ ಸಿಟ್ಟು ಇದ್ದಂತೆ ಕಾಣಲಿಲ್ಲ. ‘ಕ್ಷೌರದಂಗಡ್ಯಾಗ ಕುಂತಿದ್ದೆ. ಅಲ್ಲೇ ಒಬ್ಬಾಂವ ಜೋರಾಗಿ ಓದಾಕತ್ತಿದ್ದ. ಪಾಪ, ಚೊಲೋ ಮನಷ್ಯಾ ಇದ್ದ ಅಂದ್ರು ಎಲ್ಲಾರೂ. ನಾನೂ ಹೂಂ ಅಂದೆ’ ಎಂದರು.

ನೀರು ಕುಡಿದು ಅವರು ಕೇಳಿದರು: ‘ಫೋನ್ ಬಂದ್ವೇನ್ರಿ?’

‘ಭಾಳ ಬಂದ್ವು.’

‘ಅದರಾಗ ಶೇಖಪ್ಪ ಸತ್ತಿಲ್ಲ, ಅದಾನ ಅಂತ ಎಷ್ಟು ಮಂದಿ ಹೇಳಿದ್ರು?’

ನಾನು ಸುಳ್ಳು ಹೇಳಲಿಲ್ಲ. ‘ಯಾರೂ ಇಲ್ರಿ’ ಎಂದೆ. ಅವರು ಪುರವಣಿಯನ್ನು ಇನ್ನೊಂದು ಮಡಿಕೆ ಮಡಚಿದರು.

ಮುಂದಿನ ಭಾನುವಾರ ಅದೇ ಪುಟದಲ್ಲಿ ತಿದ್ದುಪಡಿ ಬರುತ್ತದೆ ಎಂದು ಹೇಳಿದೆ. ಅವರು ಬಂದದ್ದು ಅದಕ್ಕಾಗಿ ಆಗಿರಲಿಲ್ಲ. ಶೇಖಪ್ಪ ಮದುವೆಯಾದವರಲ್ಲ. ಸ್ವಂತದವರೆಂದರೆ ಬ್ಯಾಡಗಿಯಲ್ಲಿರುವ ಅಕ್ಕ ಗಂಗವ್ವ ಒಬ್ಬರೇ. ಒಂದು ಮದುವೆಯ ವಿಷಯದಲ್ಲಿ ಮಾತು ಬಿಟ್ಟು ಮೂವತ್ತೈದು ವರ್ಷ ದಾಟಿತ್ತು.

‘ಪೇಪರ್ ಬಂದು ಮೂರ ದಿನ ಆತು’ ಎಂದರು. ‘ಸುದ್ದಿ ಮುಟ್ಟಿಲ್ಲ ಅಂದ್ರ ಆ ಮಾತು ಬ್ಯಾರೆ. ಮುಟ್ಟೇತಿ, ಆದ್ರೂ ಅಕ್ಕ ಬಂದಿಲ್ಲ ಅಂದ್ರ ಅದು ಬ್ಯಾರೆ. ನನಗ ಇಷ್ಟ ಗೊತ್ತಾಗ್ಬೇಕು ನೋಡ್ರಿ. ನಾ ಸತ್ರೂ ಆಕಿ ಬರಂಗಿಲ್ಲೇನು?’

‘ನೀವೇ ಹೋಗಿ ಕೇಳಬಹುದಲ್ಲ?’

‘ಎದುರಿಗೆ ಜೀವಂತ ನಿಂತಾವನ ಮುಂದ ಆಕಿ ಏನ್ ಹೇಳ್ಯಾಳು? ತಪ್ಪ ನಿಮ್ಮದು. ನೀವ ಹೋಗ್ರಿ.’

ಅಕ್ಕನ ವಿಳಾಸವನ್ನೂ ತಮ್ಮ ವಿಳಾಸ, ಫೋನ್ ನಂಬರನ್ನೂ ಬರೆದುಕೊಟ್ಟು ಅವರು ಬಸ್ಸಿಗೆ ಹೊರಟರು.

ಮರುದಿನ ಬ್ಯಾಡಗಿಗೆ ಹೋದೆ. ಮೆಣಸಿನಕಾಯಿಯ ಟೆಂಡರ್ ನಡೆಯುವ ದಿನವಾಗಿದ್ದರಿಂದ ಮಾರುಕಟ್ಟೆ ದಾರಿಯುದ್ದಕ್ಕೂ ಚೀಲಗಳ ಲಾರಿಗಳಿದ್ದವು, ಬಸ್ಸಿನಲ್ಲಿ ಎಲ್ಲರೂ ಮೂಗಿಗೆ ಕರವಸ್ತ್ರ ಹಿಡಿದಿದ್ದರು. ಗಂಗವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಎಪ್ಪತ್ತೆಂಟು ವರ್ಷದ ಕೈ ಕಾಯಿಯನ್ನು ನೋಡದೆಯೇ ಬಿಡಿಸುತ್ತಿತ್ತು. ಜೊತೆಗೆ ಪಕ್ಕದ ಮನೆಯ ರೇಣುಕಾ ಇದ್ದರು. ನಾನು ಪತ್ರಿಕೆಯವನು ಎಂದೆ.

‘ಶೇಖಪ್ಪನ ಸುದ್ದಿ ಬರದಾಂವ ನೀನ ಏನು ತಮ್ಮಾ? ಈ ರೇಣುಕಾ ಓದಿ ಹೇಳಿದ್ಲು.’

ಅಂದರೆ ಸುದ್ದಿ ಮುಟ್ಟಿತ್ತು. ಕೇಳಿ ಏನು ಮಾಡಿದಿರಿ ಎಂದೆ. ವರದಿಗಾರರು ಸತ್ತವರ ಮನೆಯಲ್ಲಿ ಕೇಳುವ ಕೆಟ್ಟ ಪ್ರಶ್ನೆಯದು, ಆದರೆ ನಾನು ಹೋದದ್ದೇ ಅದಕ್ಕೆ.

‘ತಲಿಮ್ಯಾಲೆ ತಣ್ಣೀರ ಹಾಕ್ಕೊಂಡೆ. ಒಡಹುಟ್ಟಿದಾಂವ, ಬಿಡಾಕ ಬರ್ತೈತೇನು?’

‘ರಾಣೆಬೆನ್ನೂರಿಗೆ ಹೋಗಲಿಲ್ಲವೇ?’

‘ಎಲ್ಲಿಗೆ ಹೋಗ್ಲಿ? ಯಾವ ಓಣಿ, ಯಾರ ಬಾಗಿಲು? ಅಂಗಡಿ ಯಾವಾಗೋ ಮುಚ್ಚೇತಿ. ಸತ್ತು ಎಷ್ಟ ದಿನ ಆಗಿತ್ತೋ, ಮಣ್ಣ ಯಾರು ಮಾಡಿದ್ರೋ. ನೀ ಅದನ್ನೂ ಬರದಿಲ್ಲ. ನನಗ ಹೇಳಿ ಕಳಸಾಕ ಒಬ್ಬರಿಗೂ ಬಾಯಿ ಬರಲಿಲ್ಲ ಅಂತ ಕುಂತೇನಿ.’

ಆಗ ನಾನು ಹೇಳಿದೆ: ಶೇಖಪ್ಪ ಬದುಕಿದ್ದಾರೆ, ಆರಾಮಿದ್ದಾರೆ, ತಪ್ಪು ಬರೆದವನು ನಾನು.

ಮೊದಲು ಮಾತಾಡಿದ್ದು ರೇಣುಕಾ. ‘ಅಯ್ಯ ಶಿವನ! ನಿಮ್ಮ ಪೇಪರ್ ಓದಿ ಈ ಅಜ್ಜಿ ಸುಮ್ನ ನೆಗಡಿ ಹಚ್ಚಿಕೊಂಡಳಲ್ರಿ!’

ಗಂಗವ್ವನ ಕೈ ನಿಂತಿತು. ಕಣ್ಣು ಒರೆಸಿಕೊಳ್ಳಲು ಮೊಣಕೈ ಎತ್ತಿದರು, ಬೆರಳಿಗೆಲ್ಲ ಖಾರವಿತ್ತು. ಆಮೇಲೆ ಕೇಳಿದರು: ‘ಹಂಗಾರ ಅಂವ ಯಾಕ ಬರಲಿಲ್ಲ? ನಿನ್ನ ಯಾಕ ಕಳಿಸಿದ?’

ಫೋನ್ ಹಚ್ಚಿಕೊಡಲೇ ಎಂದೆ. ‘ಬ್ಯಾಡ. ಅವನ ಸಪ್ಪಳಾ ದೂರದಿಂದ ಕೇಳಿದ್ದ ಸಾಕಾಗೇತಿ’ ಎಂದರು. ಆಮೇಲೆ ಹಳೆಯ ಮಾತು ಹೊರಬಂತು.

ನಾನು ಹೊಗಳಿ ಬರೆದಿದ್ದ ಆ ವ್ಯಾಪಾರಿಯ ಮನೆಯ ಮದುವೆಯ ದಿನವೇ, ಅದೇ ಮುಹೂರ್ತಕ್ಕೆ, ಗಂಗವ್ವನ ಮಗಳ ಮದುವೆ ಇತ್ತು. ಎರಡು ಓಣಿಗಳಾಚೆ. ನಮ್ಮ ಕಡೆ ಮದುಮಗಳನ್ನು ಕೈಹಿಡಿದು ಹಂದರಕ್ಕೆ ಕರೆತರುವವನು ಸೋದರಮಾವ. ಸೋದರಮಾವ ಬರಲಿಲ್ಲ. ಊರಿಗೆಲ್ಲ ಮೈಕ್ ಕಟ್ಟುವವನ ಅಕ್ಕನ ಮನೆಗೆ ಮೈಕೂ ಬರಲಿಲ್ಲ.

‘ಹಂದರದಾಗ ಕುಂತ್ರ ಅವರ ಮನಿ ಹಾಡು ಕೇಳ್ತಿತ್ತು. ಅವರ ಶಹನಾಯಿಗೆ ನಮ್ಮ ಅಕ್ಕಿಕಾಳು ಬಿದ್ವು. ಬೀಗರು ನಕ್ಕರು. ಅದನ್ನ ನೀ ದೊಡ್ಡ ದಿನ ಅಂತ ಬರದಿ. ರೇಣುಕಾ ಎರಡ ಸಲ ಓದಿ ಹೇಳಿದ್ಲು.’

ನಾನು ಹೊರಡುವಾಗ ಅವರು ಒಂದು ಹಾಳೆ ತರಲು ರೇಣುಕಾಗೆ ಹೇಳಿದರು. ‘ಅವನ ಮನಿ ಎಲ್ಲೈತಿ ಅಂತ ಚಂದಾಗಿ ಬರದ ಕೊಡು. ಮುಂದ ಖರೇನ ಸತ್ರ ಯಾವ ಬಾಗಿಲಿಗೆ ಬರ್ಬೇಕು ಅನ್ನೋದು ಗೊತ್ತಿರ್ಲಿ.’

ಬರೆದುಕೊಟ್ಟೆ. ಹಾಳೆಯನ್ನು ಅವರು ಮಡಚಿ ಸೊಂಟದ ಎಲೆ‌ಅಡಿಕೆ ಚೀಲದಲ್ಲಿಟ್ಟುಕೊಂಡರು.

ಅಲ್ಲಿಂದ ನೇರವಾಗಿ ರಾಣೆಬೆನ್ನೂರಿಗೆ ರೈಲು ಹಿಡಿದೆ. ಸ್ಟೇಷನ್ ಹಿಂದಿನ ಓಣಿಯಲ್ಲಿ ಶೇಖಪ್ಪನವರದು ಬಾಡಿಗೆಯ ಒಂದೇ ಖೋಲಿ. ಹಾಸಿಗೆ, ಸ್ಟೋವ್, ಒಂದು ಆಂಪ್ಲಿಫೈಯರ್. ಅದರ ಮೇಲೆ ಗುಳಿಗೆ ಡಬ್ಬಿ ಇತ್ತು. ಪ್ಲೇಟುಗಳನ್ನು ಯಾವಾಗಲೋ ತೂಕಕ್ಕೆ ಹಾಕಿದ್ದರು. ಗಂಗವ್ವ ಹೇಳಿದ್ದನ್ನು ಹೆಚ್ಚು ಕಡಿಮೆ ಮಾಡದೆ, ಟಿಪ್ಪಣಿ ನೋಡಿಕೊಂಡು ಹೇಳಿದೆ. ತಣ್ಣೀರಿನ ಸ್ನಾನ ಹೇಳಿದಾಗ ಅವರು ತಲೆ ಆಡಿಸಿದರು. ಶಹನಾಯಿಯ ಮಾತಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿದರು.

‘ಕೇಳ್ತಿತ್ತಂತೇನು ಅಲ್ಲಿ? ಸ್ವಚ್ಛ ಕೇಳ್ತಿತ್ತಂತ?’

‘ಹೌದ್ರಿ.’

ಆಂಪ್ಲಿಫೈಯರ್ ಮೇಲಿದ್ದ ಗುಳಿಗೆ ಡಬ್ಬಿಯನ್ನು ಕೆಳಗಿಟ್ಟರು. ‘ಮುಂಗಡ ಆ ವ್ಯಾಪಾರಿ ಮನಿಯವರದ ಮೊದಲ ತಗೊಂಡಿದ್ದೆ. ಮುಹೂರ್ತದ ಹೊತ್ತಿಗೆ ಅಕ್ಕನ ಮನಿಗೆ ಓಡಿ ಹೋಗಿ ಬಂದರಾತು ಅಂತ ಮಾಡಿದ್ದೆ, ಅವರು ಮಾಳಿಗಿ ಇಳಿಯಾಕ ಬಿಡಲಿಲ್ಲ. ಅದಕ್ಕ ನಾಲ್ಕರಾಗ ಒಂದ ಹಾರ್ನ್ ಅಕ್ಕನ ಮನಿ ಕಡಿಗೆ ತಿರುಗಿಸಿ ಕಟ್ಟಿದೆ. ಅಕ್ಕಿಕಾಳಿನ ಹೊತ್ತು ನೋಡಿ ಶಹನಾಯಿ ಹಚ್ಚಿದೆ. ಅದು ಅವರ ಮನೀದಲ್ರಿ. ನನ್ನ ಸೊಸೀದು, ಅಕ್ಕನ ಮಗಳದು.’

ಅದನ್ನು ಅವರು ಮೂವತ್ತೈದು ವರ್ಷ ಯಾರಿಗೂ ಹೇಳಿರಲಿಲ್ಲ. ಆ ಕಡೆ ಹಾಡು ಮುಟ್ಟಿತ್ತೋ ಇಲ್ಲವೋ ಎಂಬುದೂ ಅವರಿಗೆ ಗೊತ್ತಿರಲಿಲ್ಲ. ನಾನು ಅಕ್ಕನಿಗೆ ತಿಳಿಸಲೇ ಎಂದೆ.

‘ಬ್ಯಾಡ್ರಿ. ಅದು ಪೇಪರಿನವ್ರು ಹೇಳೂ ಮಾತಲ್ಲ.’ ಮತ್ತೆ ಅವರೇ ಕೇಳಿದರು: ‘ವಿಳಾಸ ಇಸ್ಕೊಂಡಳು ಅಂದ್ರಿ?’

‘ಬರೆಸಿ ಇಟ್ಟುಕೊಂಡರು.’

‘ಈ ತಿಂಗಳ ಕಡೀಗೆ ಖೋಲಿ ಬಿಡೂದಿತ್ತು. ಬಿಡಂಗಿಲ್ಲ ಇನ್ನ.’

ಭಾನುವಾರ ತಿದ್ದುಪಡಿ ಮೂರು ಸಾಲಿನಲ್ಲಿ ಬಂತು. ಶೇಖಪ್ಪ ಅವರು ಬದುಕಿದ್ದಾರೆ, ತಪ್ಪಿಗೆ ವಿಷಾದಿಸುತ್ತೇವೆ. ಆ ದಿನ ಒಂದೂ ಫೋನ್ ಬರಲಿಲ್ಲ. ವ್ಯಾಪಾರಿ ಮನೆಯ ಮದುವೆಯ ಭಾಗವನ್ನೂ ಸರಿಪಡಿಸಬೇಕೆಂದು ನಾನು ಡೆಸ್ಕಿಗೆ ಕೇಳಿದ್ದೆ. ‘ಅದರಲ್ಲಿ ಯಾವ ಮಾಹಿತಿ ತಪ್ಪಾಗಿದೆ?’ ಎಂದು ಅವರು ಕೇಳಿದರು. ಯಾವುದೂ ತಪ್ಪಾಗಿರಲಿಲ್ಲ.

ಕಾಣುವುದನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು ಎಂಬ ಪಾಠವನ್ನು ನಾನು ಮೊದಲ ವರ್ಷವೇ ಕಲಿತಿದ್ದೆ, ಕೊನೆಯ ವರ್ಷ ಮರೆತೆ. ಹೊಸದಾಗಿ ಕಲಿತದ್ದು ಇನ್ನೊಂದು. ಹಳೆಯ ದಿನಗಳು ಚೆನ್ನಾಗಿದ್ದವು ಎಂದು ಹೇಳುವವರು ತಾವಾಗಿಯೇ ಫೋನ್ ಮಾಡುತ್ತಾರೆ. ಆ ದಿನವೇ ಪಕ್ಕದ ಓಣಿಯಲ್ಲಿ ಕುಳಿತಿದ್ದವರು ಮಾಡುವುದಿಲ್ಲ. ಅವರ ಮನೆಗೆ ನಾವೇ ಹೋಗಬೇಕು, ಅದೂ ಬರೆಯುವುದಕ್ಕೆ ಮೊದಲು. ಮಾಲಿಕೆಯ ಉಳಿದ ಕಂತುಗಳನ್ನು ಹಾಗೆ ಹೋಗಿಬಂದೇ ಬರೆದೆ. ಫೋನುಗಳು ಕಡಿಮೆಯಾದವು.

ನಿವೃತ್ತಿಯಾದ ವಾರ ಶೇಖಪ್ಪನವರಿಗೆ ಕರೆ ಮಾಡಿದೆ. ಅಕ್ಕ ಬಂದಿದ್ದರೇ, ನೀವು ಹೋಗಿದ್ದಿರೇ ಎಂದು ಕೇಳಿದೆ.

‘ಖೋಲಿ ಬಿಟ್ಟಿಲ್ರಿ’ ಎಂದರು.